ಕೊಬ್ಬಿನೊಳಗಿನ ಉರಿ: ಬೊಜ್ಜು ಮಧುಮೇಹವಾಗುವ ಬಗೆ

ಸಕ್ಕರೆ ಕಾಯಿಲೆ ಎಂಬ ಹೆಸರೇ ನಮ್ಮ ಜನರಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬೇರೂರಿಸಿದೆ. ಸಕ್ಕರೆ ತಿಂದವರಿಗೆ ಆ ಕಾಯಿಲೆ ಬರುತ್ತದೆ, ತಿನ್ನದವರಿಗೆ ಬರುವುದಿಲ್ಲ ಎಂಬುದೇ ಆ ತಿಳಿವಳಿಕೆ. ಆದಕಾರಣ ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಅನೇಕರು, ಚಹಾಕ್ಕೆ ಸಕ್ಕರೆ ಬಿಟ್ಟು ವರ್ಷಗಳೇ ಕಳೆದವು, ಹುಗ್ಗಿ ಹೋಳಿಗೆ ಮುಟ್ಟುವುದಿಲ್ಲ, ಆದರೂ ರಕ್ತಪರೀಕ್ಷೆಯಲ್ಲಿ ಹೀಗೇಕೆ ಬಂದಿತು ಎಂದು ನಮ್ಮನ್ನು ಕೇಳುವುದುಂಟು. ನಾವು ವೈದ್ಯರಲ್ಲ, ಕನ್ನಡ ಸಾಹಿತ್ಯ ಓದಿದವರು. ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ವಿಜ್ಞಾನಿಗಳು ಈ ಪ್ರಶ್ನೆಗೆ ಕಂಡುಕೊಂಡ ಉತ್ತರವು ನಮ್ಮ ಜನರಿಗೆ ಕನ್ನಡದಲ್ಲಿ ಸಾಕಷ್ಟು ತಲುಪಿಲ್ಲ ಎಂಬುದು ನಮ್ಮ ಭಾವನೆ. ಆ ಉತ್ತರದ ಬಹುಭಾಗ ಅಡಗಿರುವುದು ಸಕ್ಕರೆಯ ಡಬ್ಬಿಯಲ್ಲಿ ಅಲ್ಲ, ಹೊಟ್ಟೆಯ ಸುತ್ತಲಿನ ಕೊಬ್ಬಿನಲ್ಲಿ.

ಮೊದಲು ಇನ್ಸುಲಿನ್ ಎಂದರೇನು ಎಂಬುದನ್ನು ನೋಡೋಣ. ಆರೋಗ್ಯವಂತ ಮನುಷ್ಯನ ಸುಮಾರು ಐದು ಲೀಟರ್ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಕೇವಲ ಐದು ಗ್ರಾಂ, ಅಂದರೆ ಒಂದು ಚಿಕ್ಕ ಚಮಚದಷ್ಟು. ಆದರೆ ನಾವು ಒಂದು ಊಟದಲ್ಲಿ ಅನ್ನ, ರೊಟ್ಟಿಗಳಿಂದ ಪಡೆಯುವುದು ಅದರ ಹತ್ತು ಹದಿನೈದು ಪಟ್ಟು. ಇಷ್ಟೆಲ್ಲ ಒಳಗೆ ಬಂದರೂ ರಕ್ತದಲ್ಲಿನ ಮಟ್ಟ ಎರಡು ಮೂರು ಗಂಟೆಗಳಲ್ಲಿ ಮತ್ತೆ ಆ ಒಂದು ಚಮಚಕ್ಕೆ ಬಂದು ನಿಲ್ಲುತ್ತದೆ. ಇದನ್ನು ಸಾಧ್ಯವಾಗಿಸುವುದು ಮೇದೋಜೀರಕ ಗ್ರಂಥಿಯಿಂದ ಸ್ರವಿಸುವ ಇನ್ಸುಲಿನ್ ಎಂಬ ಹಾರ್ಮೋನು. ಅದು ಸ್ನಾಯುಗಳಿಗೆ 'ಬಾಗಿಲು ತೆರೆದು ಗ್ಲೂಕೋಸ್ ಒಳಗೆ ತೆಗೆದುಕೊಳ್ಳಿ' ಎಂದು ಹೇಳುತ್ತದೆ. ಯಕೃತ್ತಿಗೆ 'ಇನ್ನು ಹೊಸದಾಗಿ ಗ್ಲೂಕೋಸ್ ತಯಾರಿಸುವುದು ಬೇಡ' ಎಂದು ಹೇಳುತ್ತದೆ. ಕೊಬ್ಬಿನ ಕೋಶಗಳಿಗೆ 'ನಿಮ್ಮಲ್ಲಿರುವುದನ್ನು ಹೊರಬಿಡಬೇಡಿ, ಬಂದದ್ದನ್ನು ಕೂಡಿಡಿ' ಎಂದು ಹೇಳುತ್ತದೆ. ಈ ಮೂರು ಮಾತುಗಳಲ್ಲಿ ಮೂರನೆಯದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಅದರ ಸುತ್ತಲೇ ಇದೆ.

ಕೆನಡಾದ ಟೊರಾಂಟೊ ನಗರದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿ ತೆಗೆದಾಗ, ಮಧುಮೇಹವೆಂದರೆ ಇನ್ಸುಲಿನ್ನಿನ ಕೊರತೆ, ಅದನ್ನು ಹೊರಗಿನಿಂದ ಕೊಟ್ಟರೆ ತೀರಿತು ಎಂದೇ ಲೋಕ ನಂಬಿತು. ಆದರೆ 1936ರಲ್ಲಿ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ಎಂಬ ವೈದ್ಯರು, ರೋಗಿಗಳಲ್ಲಿ ಎರಡು ಬಗೆಯವರಿದ್ದಾರೆ, ಕೆಲವರ ದೇಹ ಇನ್ಸುಲಿನ್ನಿಗೆ ಓಗೊಡುತ್ತದೆ, ಮತ್ತೆ ಕೆಲವರ ದೇಹ ಓಗೊಡುವುದೇ ಇಲ್ಲ ಎಂದು ತೋರಿಸಿದರು. 1960ರಲ್ಲಿ ಅಮೆರಿಕದ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಅವರು ರಕ್ತದಲ್ಲಿನ ಇನ್ಸುಲಿನ್ನನ್ನು ಅಳೆಯುವ ವಿಧಾನವನ್ನು ಕಂಡುಹಿಡಿದು ಪರೀಕ್ಷಿಸಿದಾಗ ಇನ್ನೂ ಆಶ್ಚರ್ಯ ಕಾದಿತ್ತು. ನಡುವಯಸ್ಸಿನಲ್ಲಿ ಮಧುಮೇಹ ಬಂದ ಅನೇಕರ ರಕ್ತದಲ್ಲಿ ಇನ್ಸುಲಿನ್ ಕಡಿಮೆಯಿರಲಿಲ್ಲ, ಹೆಚ್ಚೇ ಇತ್ತು. ಕೂಗುವವನು ಗಂಟಲು ಹರಿಯುವಂತೆ ಕೂಗುತ್ತಿದ್ದಾನೆ, ಕೇಳುವವರಿಗೆ ಕಿವುಡು. ಇದನ್ನೇ ಇಂದು ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ನಮ್ಮ ಸುಶ್ರುತ ಸಂಹಿತೆಯೂ ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸಿ, ಮೊದಲನೆಯ ರೋಗಿ ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಹೇಳಿರುವುದನ್ನು ಇಲ್ಲಿ ಸ್ಮರಿಸಬಹುದು. ಆದರೆ ಸ್ಥೂಲಕಾಯಕ್ಕೂ ಈ ಕಿವುಡಿಗೂ ನಡುವಿನ ಕೊಂಡಿ ಯಾವುದು ಎಂಬುದು ಬಹುಕಾಲ ಬಿಡಿಸಲಾಗದ ಒಗಟಾಗಿಯೇ ಉಳಿದಿತ್ತು.

ಒಗಟು ಬಿಡಿಸಲು ತಡವಾದುದಕ್ಕೆ ಒಂದು ಕಾರಣವಿದೆ. ಕೊಬ್ಬೆಂದರೆ ಜಡವಸ್ತು, ಮೂಲೆಯಲ್ಲಿ ಒಟ್ಟಿದ ಮೂಟೆಯಂತೆ ಸುಮ್ಮನೆ ಬಿದ್ದಿರುವುದು ಎಂದು ಎಲ್ಲರೂ ಭಾವಿಸಿದ್ದರು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನನ್ನು ಗುರುತಿಸಿದ ಮೇಲೆ ಆ ಭಾವನೆ ಕಳಚಿಬಿತ್ತು. ಕೊಬ್ಬಿನ ಕೋಶಗಳೇ ಈ ಹಾರ್ಮೋನನ್ನು ಸ್ರವಿಸಿ, ಕಣಜದಲ್ಲಿ ಎಷ್ಟಿದೆ ಎಂಬ ಲೆಕ್ಕವನ್ನು ಮಿದುಳಿಗೆ ಒಪ್ಪಿಸುತ್ತವೆ. ಅಂದರೆ ಕೊಬ್ಬು ಕೂಡ ಒಂದು ಗ್ರಂಥಿ. ಅದಕ್ಕೂ ಬಾಯಿ ಇದೆ.

ಕಣಜ ಎಂದೆವು. ಉತ್ತರ ಕರ್ನಾಟಕದ ಹಿರಿಯರಿಗೆ ಹಗೇವು ಎಂದರೆ ಇನ್ನೂ ಚೆನ್ನಾಗಿ ಅರ್ಥವಾದೀತು. ನೆಲದೊಳಗೆ ಕುಳಿ ತೋಡಿ, ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ ಬಾಯಿ ಮುಚ್ಚಿಟ್ಟರೆ ಬರಗಾಲಕ್ಕೆ ಅದೇ ಆಧಾರ. ಕೊಬ್ಬಿನ ಅಂಗಾಂಶವೂ ಹಾಗೆಯೇ. ಒಂದು ಗ್ರಾಂ ಕೊಬ್ಬಿನಲ್ಲಿ ಒಂಬತ್ತು ಕ್ಯಾಲೊರಿಯಷ್ಟು ಶಕ್ತಿ ಅಡಗಿದೆ, ಹಿಟ್ಟಿನ ಪದಾರ್ಥದಲ್ಲಿ ಇರುವುದು ನಾಲ್ಕು. ಸಾಧಾರಣ ಮೈಕಟ್ಟಿನವರ ದೇಹದಲ್ಲಿಯೂ ತಿಂಗಳಿಗೆ ಮಿಕ್ಕಿ ಸಾಗುವಷ್ಟು ದಾಸ್ತಾನು ಇರುತ್ತದೆ. ಆದ್ದರಿಂದ ಕೊಬ್ಬನ್ನು ಶತ್ರುವೆಂದು ಕಾಣುವುದು ಸರಿಯಲ್ಲ. ಹಗೇವಿಗೆ ನೀರಿಳಿದರೆ, ಅಳತೆ ಮೀರಿ ತುರುಕಿದರೆ, ಒಳಗಿನ ಕಾಳು ಕಾವೇರಿ ಮುಗ್ಗುತ್ತದೆ. ತೊಂದರೆ ಶುರುವಾಗುವುದು ಆಗ. ದೇಹದಲ್ಲಿಯೂ ಸಮಸ್ಯೆ ಕೊಬ್ಬು ಇರುವುದರಲ್ಲಿ ಇಲ್ಲ, ಕೊಬ್ಬು ಇಡುವ ಜಾಗ ತೀರಿಹೋಗುವುದರಲ್ಲಿದೆ.

ಬೆಳೆದ ಮನುಷ್ಯರಲ್ಲಿ ಕೊಬ್ಬಿನ ಕೋಶಗಳ ಒಟ್ಟು ಸಂಖ್ಯೆ ಹೆಚ್ಚೇನೂ ಬದಲಾಗುವುದಿಲ್ಲ. ವರ್ಷಕ್ಕೆ ನೂರರಲ್ಲಿ ಹತ್ತರಷ್ಟು ಕೋಶಗಳು ಸತ್ತು, ಅಷ್ಟೇ ಹೊಸವು ಹುಟ್ಟುತ್ತವೆ ಎಂದು 2008ರಲ್ಲಿ ಸ್ವೀಡನ್ನಿನ ಸಂಶೋಧಕರು ಲೆಕ್ಕಹಾಕಿದ್ದಾರೆ. ಹಾಗಾದರೆ ತೂಕ ಏರುವಾಗ ಹೆಚ್ಚುವರಿ ಕೊಬ್ಬು ಎಲ್ಲಿಗೆ ಹೋಗಬೇಕು? ಇರುವ ಕೋಶಗಳೇ ಬುಗ್ಗೆಯಂತೆ ಉಬ್ಬಬೇಕು. ಹಾಗೆ ಉಬ್ಬಿದ ಕೋಶವೊಂದರ ಅಡ್ಡಳತೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲನ್ನೂ ಮೀರುತ್ತದೆ. ಕಣ್ಣಿಗೆ ಇದು ಏನೂ ಅಲ್ಲ. ರಕ್ತನಾಳದಿಂದ ಆಮ್ಲಜನಕ ಇಂಗಿ ತಲುಪಬೇಕಾದ ಕೋಶಕ್ಕೆ ಇದು ಬಹುದೂರ. ಉಬ್ಬಿದ ಕೋಶಗಳ ಒಳಯಂತ್ರ ಬಳಲುತ್ತದೆ, ಕೆಲವು ಸಾಯುತ್ತವೆ. ಆಮ್ಲಜನಕದ ಅಭಾವವೇ ಮೂಲವೋ, ಕೋಶದ ಗೋಡೆಯ ಮೇಲಿನ ಒತ್ತಡವೋ, ಸೋರಿದ ಕೊಬ್ಬಿನಾಮ್ಲಗಳೋ ಎಂಬ ಬಗ್ಗೆ ತಜ್ಞರಲ್ಲಿ ವಾದಗಳಿವೆ. ನಾವು ಆ ವಾದಕ್ಕೆ ಇಳಿಯುವುದಿಲ್ಲ. ಬಳಲಿದ ಕೋಶಗಳು ಸಹಾಯಕ್ಕಾಗಿ ರಾಸಾಯನಿಕ ಮೊರೆಯಿಡುತ್ತವೆ ಎಂಬಲ್ಲಿ ಎಲ್ಲರ ಮಾತೂ ಒಂದಾಗುತ್ತದೆ.

ಮೊರೆ ಕೇಳಿ ಬರುವವರು ಯಾರು? ಗಾಯವಾದಾಗ, ಕ್ರಿಮಿ ಹೊಕ್ಕಾಗ ಓಡಿಬರುವ ದೇಹದ ಕಾವಲುಗಾರರೇ. ಅವುಗಳಲ್ಲಿ ಮುಖ್ಯವಾದುವು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕಣಗಳು. ಸತ್ತ ಕೋಶಗಳನ್ನೂ ಕ್ರಿಮಿಗಳನ್ನೂ ನುಂಗಿ ಶುಚಿಗೊಳಿಸುವುದು ಅವುಗಳ ಕಾಯಕ. 2003ರಲ್ಲಿ ಅಮೆರಿಕದ ಎರಡು ತಂಡಗಳು, ಒಂದು ಇನ್ನೊಂದನ್ನು ಅವಲಂಬಿಸದೆ, ಏಕಕಾಲಕ್ಕೆ ಒಂದೇ ಸತ್ಯವನ್ನು ಪ್ರಕಟಿಸಿದವು: ಬೊಜ್ಜು ಬಂದವರ ಕೊಬ್ಬಿನೊಳಗೆ ಈ ಭಕ್ಷಕ ಕಣಗಳು ದಂಡುಗಟ್ಟಿ ಸೇರಿರುತ್ತವೆ. ತೆಳ್ಳಗಿನವರ ಕೊಬ್ಬಿನ ಅಂಗಾಂಶದ ಕೋಶಗಳಲ್ಲಿ ಅವುಗಳ ಪಾಲು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಅತಿ ಬೊಜ್ಜಿನವರಲ್ಲಿ ಅದು ನಲವತ್ತರ ಸಮೀಪಕ್ಕೆ ಏರಬಹುದೆಂದು ಆ ತಂಡಗಳಲ್ಲಿ ಒಂದು ಅಂದಾಜು ಮಾಡಿತು. ಎರಡು ವರ್ಷಗಳ ನಂತರ ಇಟಲಿಯ ಸಾವೆರಿಯೊ ಚಿಂಟಿ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಣಗಳು ಸತ್ತ ಕೊಬ್ಬಿನ ಕೋಶಗಳನ್ನು ಕಿರೀಟದ ಹಾಗೆ ಸುತ್ತುವರಿದು ನಿಂತಿದ್ದವು. ಒಡೆದ ಕೋಶದಿಂದ ಹೊರಚೆಲ್ಲಿದ ಎಣ್ಣೆಯ ಹನಿ ದೊಡ್ಡದು, ನುಂಗುವ ಕಣ ಚಿಕ್ಕದು. ಶುಚಿಕಾರ್ಯ ಮುಗಿಯುವುದೇ ಇಲ್ಲ. ಬಂದ ದಂಡು ಹಿಂತಿರುಗುವುದೂ ಇಲ್ಲ.

ಇಲ್ಲಿ ಉರಿಯೂತ ಎಂಬ ಪದದ ಬಗ್ಗೆ ಒಂದು ಮಾತು. ಉರಿ ಮತ್ತು ಊತ ಎರಡೂ ಸೇರಿದ ಈ ಕನ್ನಡ ಶಬ್ದ ಬಹು ಸಮರ್ಪಕವಾದುದು. ಒಂದನೆಯ ಶತಮಾನದ ರೋಮಿನ ಸೆಲ್ಸಸ್ ಕೂಡ ಕೆಂಪು, ಊತ, ಬಿಸಿ, ನೋವು ಎಂದು ಇದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ್ದನು. ಕಾಲಿಗೆ ಮುಳ್ಳು ಚುಚ್ಚಿದಾಗ ಈ ನಾಲ್ಕನ್ನೂ ನಾವು ಕಾಣುತ್ತೇವೆ; ನಾಲ್ಕು ದಿನಕ್ಕೆ ಮುಳ್ಳು ಹೊರಬಂದು ಎಲ್ಲವೂ ಶಮನವಾಗುತ್ತದೆ. ಆದರೆ ಕೊಬ್ಬಿನೊಳಗಿನ ಉರಿಯೂತದಲ್ಲಿ ಕೆಂಪಿಲ್ಲ, ನೋವಿಲ್ಲ, ಜ್ವರವಿಲ್ಲ. ಬೂದಿ ಮುಚ್ಚಿದ ಕೆಂಡದಂತೆ ಅದು ವರ್ಷಾನುಗಟ್ಟಲೆ ಒಳಗೇ ಇರುತ್ತದೆ. ಇರುವವರಿಗೆ ಅದು ಇದೆ ಎಂಬ ಅರಿವೂ ಇರುವುದಿಲ್ಲ. ಈ ಮೌನವೇ ಅದರ ಅಪಾಯ.

ಕೊಬ್ಬಿನಲ್ಲಿ ಹೊತ್ತಿದ ಈ ಕೆಂಡಕ್ಕೂ ಇನ್ಸುಲಿನ್ನಿನ ಕಿವುಡಿಗೂ ಸಂಬಂಧವನ್ನು ಮೊದಲು ತೋರಿಸಿದವರು ಬಾಸ್ಟನ್ನಿನ ಗೊಖಾನ್ ಹೊತಾಮಿಶ್ಲಿಗಿಲ್ ಮತ್ತು ಬ್ರೂಸ್ ಸ್ಪೀಗೆಲ್‌ಮನ್. 1993ರಲ್ಲಿ ಅವರು ಬೊಜ್ಜು ಬಂದ ಇಲಿಗಳ ಕೊಬ್ಬಿನಲ್ಲಿ ಟಿ.ಎನ್.ಎಫ್. ಆಲ್ಫಾ ಎಂಬ ಉರಿಯೂತದ ಸಂದೇಶವಾಹಕವು ಹೇರಳವಾಗಿ ಉತ್ಪತ್ತಿಯಾಗುತ್ತಿರುವುದನ್ನು ಕಂಡರು. ಅದನ್ನು ನಿಷ್ಕ್ರಿಯಗೊಳಿಸಿದಾಗ ಇಲಿಗಳ ದೇಹ ಇನ್ಸುಲಿನ್ನಿಗೆ ಮತ್ತೆ ಚೆನ್ನಾಗಿ ಓಗೊಡತೊಡಗಿತು. ಈ ಸಂದೇಶವಾಹಕ ಕಿವುಡನ್ನು ಉಂಟುಮಾಡುವ ಬಗೆಯೂ ಮುಂದೆ ತಿಳಿದುಬಂದಿತು. ಇನ್ಸುಲಿನ್ ಬಂದು ಕೋಶದ ಬಾಗಿಲನ್ನು ತಟ್ಟಿದಾಗ, ಒಳಗಿರುವ ಒಂದು ಪ್ರೋಟೀನಿನ ಮೇಲೆ ನಿಶ್ಚಿತ ಸ್ಥಾನದಲ್ಲಿ ಫಾಸ್ಫೇಟ್ ಎಂಬ ಚಿಕ್ಕ ಗುರುತು ಬೀಳಬೇಕು. ಆಗ ಸಂದೇಶ ಮುಂದಕ್ಕೆ ಸಾಗುತ್ತದೆ. ಉರಿಯೂತದ ಸಂದೇಶಗಳು ಅದೇ ಗುರುತನ್ನು ಅದೇ ಪ್ರೋಟೀನಿನ ಬೇರೊಂದು ಸ್ಥಾನದಲ್ಲಿ ಹಾಕಿಸಿಬಿಡುತ್ತವೆ. ಕನ್ನಡ ಮೇಷ್ಟರ ಉದಾಹರಣೆ ಕೊಡುವುದಾದರೆ, ಒತ್ತಕ್ಷರ ಬೀಳಬಾರದ ಕಡೆ ಬಿದ್ದು 'ಕತೆ' 'ಕತ್ತೆ'ಯಾದಂತೆ. ಸಂದೇಶ ಅಲ್ಲಿಗೇ ಕೆಡುತ್ತದೆ, ಗ್ಲೂಕೋಸಿಗೆ ಬಾಗಿಲು ತೆರೆಯುವುದಿಲ್ಲ.

ದೇಹವು ತನಗೆ ತಾನೇ ಹೀಗೇಕೆ ಮಾಡಿಕೊಳ್ಳುತ್ತದೆ? ಮಧುಮೇಹಿಗಳ ಮನೆಯವರಿಗೆ ಇದರ ಉತ್ತರ ಅನುಭವದಿಂದಲೇ ಗೊತ್ತಿದೆ. ಜ್ವರ ಬಂದಾಗ, ಕಾಲಿನ ಹುಣ್ಣು ಕೀವಾದಾಗ, ಏನೂ ತಿನ್ನದಿದ್ದರೂ ರಕ್ತದ ಸಕ್ಕರೆ ಏರಿಬಿಡುತ್ತದೆ. ಸೋಂಕಿನೊಡನೆ ಕಾದಾಡುವಾಗ ಸ್ನಾಯುಗಳ ಪಾಲನ್ನು ತಡೆದು ಗ್ಲೂಕೋಸನ್ನು ಮಿದುಳಿಗೂ ಕಾವಲು ಕಣಗಳಿಗೂ ಮೀಸಲಿಡುವುದು ದೇಹದ ಪ್ರಾಚೀನ ಜಾಣತನ. ಯುದ್ಧಕಾಲದಲ್ಲಿ ಊರಿನ ಧಾನ್ಯವನ್ನು ದಂಡಿಗೆ ಕೊಟ್ಟಂತೆ ಇದು. ನಾಲ್ಕು ದಿನದ ಜ್ವರಕ್ಕೆ ಇದು ಹಿತ. ಬೊಜ್ಜಿನಲ್ಲಿ ಮಾತ್ರ ಶತ್ರುವಿಲ್ಲದ ಯುದ್ಧ ಇಪ್ಪತ್ತು ವರ್ಷ ನಡೆಯುತ್ತದೆ. ಕಿವುಡಾದ ದೇಹಕ್ಕೆ ಕೇಳಿಸಲು ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸುತ್ತದೆ; ಅದು ಸಾಧ್ಯವಾಗುವವರೆಗೆ ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿಯೇ ಕಾಣುತ್ತದೆ. ಗ್ರಂಥಿ ಸೋತ ದಿನ ಮಧುಮೇಹ ಬಂದಿತೆಂದು ನಾವು ಹೇಳುತ್ತೇವೆ. ರೋಗ ಮಾತ್ರ ಹತ್ತಾರು ವರ್ಷ ಹಿಂದೆಯೇ ಬಂದು ಕುಳಿತಿರುತ್ತದೆ.

ಉರಿಯೂತವೊಂದೇ ಎಲ್ಲಕ್ಕೂ ಕಾರಣವೆಂದು ಓದುಗರು ತಿಳಿಯಬಾರದು. ಆರಂಭದಲ್ಲಿ ಹೇಳಿದ ಮೂರನೆಯ ಮಾತು ಈಗ ಬರುತ್ತದೆ. ಕೊಬ್ಬಿನ ಕೋಶಗಳೇ ಇನ್ಸುಲಿನ್ನಿಗೆ ಕಿವುಡಾದರೆ, 'ಹೊರಬಿಡಬೇಡಿ' ಎಂಬ ಆಜ್ಞೆ ಅವುಗಳಿಗೆ ಕೇಳಿಸುವುದಿಲ್ಲ. ಕೊಬ್ಬಿನಾಮ್ಲಗಳು ರಕ್ತಕ್ಕೆ ಸೋರಿ, ಕೊಬ್ಬು ಇರಬಾರದ ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಸೇರಿಕೊಂಡು ಅಲ್ಲಿಯೂ ಇನ್ಸುಲಿನ್ನಿನ ಮಾತಿಗೆ ಅಡ್ಡಿಯಾಗುತ್ತವೆ. ಉರಿಯೂತ ಸೋರಿಕೆಯನ್ನು ಹೆಚ್ಚಿಸುತ್ತದೆ, ಸೋರಿಕೆ ಉರಿಯೂತವನ್ನು ಹೆಚ್ಚಿಸುತ್ತದೆ. ಗಾಣದ ಎತ್ತಿನ ಸುತ್ತು ಇದು; ಮೊದಲ ಹೆಜ್ಜೆ ಯಾವುದೆಂದು ಹೇಳುವುದು ಸುಲಭವಲ್ಲ.

ಮುಖ್ಯವಾದುದು ಜಾಗದ ಪ್ರಶ್ನೆಯೇ ಎಂಬುದಕ್ಕೆ ಮೂರು ಸಾಕ್ಷಿಗಳಿವೆ. ಮೂರೂ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತವೆ. ಹುಟ್ಟಿನಿಂದಲೇ ಮೈಯಲ್ಲಿ ಕೊಬ್ಬಿನ ಅಂಗಾಂಶವೇ ಇಲ್ಲದ ಕೆಲವು ವಿರಳ ರೋಗಿಗಳಿದ್ದಾರೆ. ಅವರಿಗೆ ಮಧುಮೇಹ ಬರಬಾರದಲ್ಲವೇ? ಅತ್ಯಂತ ಉಗ್ರವಾದ ಇನ್ಸುಲಿನ್ ಪ್ರತಿರೋಧ ಕಾಣುವುದು ಅಂಥವರಲ್ಲಿಯೇ; ಹಗೇವು ಇಲ್ಲದ ಮನೆಯಲ್ಲಿ ಕಾಳು ನಡುಮನೆಗೆ ಬಿದ್ದಂತೆ ಕೊಬ್ಬೆಲ್ಲ ಯಕೃತ್ತಿಗೆ ಸೇರುತ್ತದೆ. ಎರಡನೆಯದು, 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಬೊಜ್ಜಿದ್ದ ಹದಿನೈದು ಮಹಿಳೆಯರ ಹೊಟ್ಟೆಯ ಚರ್ಮದಡಿಯ ಕೊಬ್ಬನ್ನು ಶಸ್ತ್ರಚಿಕಿತ್ಸೆಯಿಂದ ಸುಮಾರು ಹತ್ತು ಕಿಲೋದಷ್ಟು ಹೀರಿ ತೆಗೆಯಲಾಯಿತು. ಕನ್ನಡಿಯಲ್ಲಿ ವ್ಯತ್ಯಾಸ ಕಂಡಿತು, ಇನ್ಸುಲಿನ್ ಪ್ರತಿರೋಧದಲ್ಲಿ ಏನೂ ಕಾಣಲಿಲ್ಲ. ದುಡ್ಡು ಕೊಟ್ಟು ಕೊಬ್ಬು ಕರಗಿಸಿಕೊಳ್ಳುವ ಜಾಹೀರಾತುಗಳನ್ನು ನಂಬುವ ನಮ್ಮ ಯುವಜನರು ಇದನ್ನು ಓದಬೇಕು. ಮೂರನೆಯದು, ಪಯೋಗ್ಲಿಟಜೋನ್ ಎಂಬ ಔಷಧ. ಅದನ್ನು ಸೇವಿಸಿದವರ ತೂಕ ಹೆಚ್ಚುತ್ತದೆ, ಆದರೂ ಇನ್ಸುಲಿನ್ ಪ್ರತಿರೋಧ ಇಳಿಯುತ್ತದೆ. ಚರ್ಮದಡಿಯಲ್ಲಿ ಹೊಸ, ಚಿಕ್ಕ ಕೊಬ್ಬಿನ ಕೋಶಗಳು ಹುಟ್ಟಿ, ಯಕೃತ್ತಿನ ಕೊಬ್ಬು ಅಲ್ಲಿಗೆ ಸ್ಥಳಾಂತರವಾಗುವುದೇ ಇದರ ಒಂದು ಮುಖ್ಯ ಕಾರಣ.

ಉರಿಯೂತವನ್ನೇ ಔಷಧದಿಂದ ಆರಿಸಿಬಿಟ್ಟರೆ ಹೇಗೆ ಎಂಬುದು ಸಹಜವಾದ ಪ್ರಶ್ನೆ. ಇದು ಹೊಸದಲ್ಲ. 1876ರಲ್ಲಿಯೇ ಜರ್ಮನಿಯ ವಿಲ್ಹೆಲ್ಮ್ ಎಬ್‌ಸ್ಟೈನ್ ಎಂಬ ವೈದ್ಯರು, ಆಸ್ಪಿರಿನ್ನಿನ ಜಾತಿಗೆ ಸೇರಿದ ಸ್ಯಾಲಿಸಿಲೇಟನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ಕಡಿಮೆಯಾಗುವುದನ್ನು ವರದಿ ಮಾಡಿದ್ದರು. ಅದು ಉರಿಯೂತದ ಒಂದು ಮುಖ್ಯ ಕೊಂಡಿಯನ್ನು ತಡೆಯುವುದರಿಂದ ಹಾಗಾಗುತ್ತದೆ ಎಂದು ಬಾಸ್ಟನ್ನಿನ ಸಂಶೋಧಕರು 2001ರಲ್ಲಿ ತೋರಿಸಿದರು. ಅದೇ ಜಾತಿಯ ಔಷಧವನ್ನು ಮುಂದೆ ಮಧುಮೇಹಿಗಳಲ್ಲಿ ಕ್ರಮವಾಗಿ ಪರೀಕ್ಷಿಸಿದಾಗ ಸಕ್ಕರೆ ಇಳಿಯಿತು, ಆದರೆ ಸ್ವಲ್ಪ ಮಾತ್ರ. ಟಿ.ಎನ್.ಎಫ್. ಆಲ್ಫಾವನ್ನು ತಡೆಯುವ ಚುಚ್ಚುಮದ್ದು ಇಲಿಗಳಲ್ಲಿ ಮಾಡಿದ ಪವಾಡವನ್ನು ಮಧುಮೇಹಿಗಳಲ್ಲಿ ಮಾಡಲಿಲ್ಲ. ಉರಿಯೂತದ ಮತ್ತೊಂದು ಕೊಂಡಿಯನ್ನು ತಡೆಯುವ ದುಬಾರಿ ಔಷಧವೊಂದನ್ನು ಹತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಹೊರಬಂದಿತು. ಹೃದಯಾಘಾತಗಳು ಕಡಿಮೆಯಾದವು. ಹೊಸದಾಗಿ ಮಧುಮೇಹ ಬರುವುದು ಮಾತ್ರ ಅದರಿಂದ ತಪ್ಪಲಿಲ್ಲವೆಂದು ಮುಂದಿನ ವರ್ಷ ತಿಳಿಯಿತು. ಕೊಬ್ಬಿನ ಕಣಜ ತುಂಬಿ ತುಳುಕುತ್ತಿರುವವರೆಗೆ ಹೊಗೆಯನ್ನಷ್ಟೇ ಬೀಸಿ ಅಟ್ಟಿದರೆ ಬೆಂಕಿ ಆರುವುದಿಲ್ಲ.

ಇಷ್ಟು ವಿಸ್ತಾರವಾಗಿ ಇದನ್ನು ಹೇಳಲು ಕಾರಣವಿದೆ. ಉರಿಯೂತವನ್ನು ನಿವಾರಿಸಿ ಮಧುಮೇಹವನ್ನು ಬುಡಸಮೇತ ಕೀಳುತ್ತೇವೆ ಎಂಬ ಪುಡಿಗಳೂ ಕಷಾಯಗಳೂ ಮೊಬೈಲುಗಳ ಮೂಲಕ ಮನೆಮನೆಗೆ ಬರುತ್ತಿವೆ. ಅರಿಶಿನ, ಮೆಂತ್ಯ ಅಡುಗೆಯಲ್ಲಿರಲಿ, ಅವು ಒಳ್ಳೆಯವೇ. ಆದರೆ ನೂರಾರು ಕೋಟಿ ವೆಚ್ಚದ ಔಷಧಗಳಿಗೇ ಸಾಧ್ಯವಾಗದಿರುವುದನ್ನು ಡಬ್ಬಿಯ ಪುಡಿಯೊಂದು ಮಾಡುತ್ತದೆಂದು ನಂಬಿ, ವೈದ್ಯರು ಕೊಟ್ಟ ಮಾತ್ರೆ ಅಥವಾ ಇನ್ಸುಲಿನ್ನನ್ನು ನಿಲ್ಲಿಸುವವರು ಕಣ್ಣು, ಮೂತ್ರಪಿಂಡ, ಕಾಲುಗಳನ್ನು ಪಣಕ್ಕೊಡ್ಡುತ್ತಾರೆ. ಇದನ್ನು ಕಠಿಣವಾಗಿಯೇ ಹೇಳಬೇಕೆಂದು ನಮಗೆ ಅನಿಸುತ್ತದೆ.

ಇನ್ನು, 'ನಾವು ದಪ್ಪಗಿಲ್ಲ, ನಮಗೆ ಇದು ಅನ್ವಯಿಸದು' ಎಂದು ಕೆಲವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಅಂಥವರಿಗಾಗಿ ಪುಣೆಯ ಕಥೆಯಿದೆ. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಎಂಬ ಇಬ್ಬರು ವಿಜ್ಞಾನಿ ಮಿತ್ರರು 2004ರಲ್ಲಿ ತಮ್ಮಿಬ್ಬರ ಭಾವಚಿತ್ರವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿ.ಎಂ.ಐ., ಇಬ್ಬರಲ್ಲಿಯೂ ಒಂದೇ, 22.3. ನೋಡಲು ಇಬ್ಬರೂ ತೆಳ್ಳಗೆ. ಆದರೆ ದೇಹದಲ್ಲಿನ ಕೊಬ್ಬನ್ನು ಯಂತ್ರದಿಂದ ಅಳೆದಾಗ ಲಂಡನ್ನಿನವರಲ್ಲಿ ಶೇಕಡ 9.1, ಪುಣೆಯವರಲ್ಲಿ ಶೇಕಡ 21.2! ಡಾ. ಯಾಜ್ಞಿಕರ ತಂಡವು ಪುಣೆಯ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಅಳೆದು, ಭಾರತೀಯ ಶಿಶು ಹುಟ್ಟುವಾಗಲೇ ತೂಕದಲ್ಲಿ ಕಡಿಮೆ, ಸ್ನಾಯುವಿನಲ್ಲಿ ಕಡಿಮೆ, ಕೊಬ್ಬಿನಲ್ಲಿ ಮಾತ್ರ ಅಷ್ಟು ಕಡಿಮೆಯಲ್ಲ ಎಂದು ತೋರಿಸಿದೆ. ನಮ್ಮ ಮೈಸೂರಿನಲ್ಲಿಯೂ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1934ರಿಂದ ಜೋಪಾನವಾಗಿ ಬರೆದಿಟ್ಟ ಜನನ ದಾಖಲೆಗಳ ಆಧಾರದಿಂದ, ಹುಟ್ಟಿದಾಗಿನ ಮೈಕಟ್ಟಿಗೂ ನಡುವಯಸ್ಸಿನ ಮಧುಮೇಹಕ್ಕೂ ಇರುವ ನಂಟನ್ನು ಪರಿಶೀಲಿಸಲಾಗಿದೆ. ಯಾರೋ ಗುಮಾಸ್ತರು, ದಾದಿಯರು ಅಂದು ಶ್ರದ್ಧೆಯಿಂದ ಬರೆದ ಅಂಕಿಗಳು ಅರ್ಧ ಶತಮಾನದ ಬಳಿಕ ಲೋಕಕ್ಕೆ ಉಪಯೋಗವಾದವು ಎಂಬುದು, ಕಡತಗಳ ನಡುವೆಯೇ ದಿನ ಕಳೆಯುವ ನಮಗೆ ಬಹಳ ಸಂತೋಷದ ಸಂಗತಿ.

ನಮ್ಮವರಲ್ಲಿ ಚರ್ಮದಡಿಯ ಕಣಜ ಬೇಗ ತುಂಬಿಬಿಡುತ್ತದೆ, ಮಿಕ್ಕದ್ದು ಹೊಟ್ಟೆಯ ಒಳಗೆ, ಕರುಳುಗಳ ಸುತ್ತ, ಯಕೃತ್ತಿನಲ್ಲಿ ಸೇರುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಆದಕಾರಣ ಭಾರತೀಯರಿಗೆ ಅಳತೆಗೋಲೂ ಬೇರೆ. ಬಿ.ಎಂ.ಐ. 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು. ಅಳೆಯುವಾಗ ಪಂಚೆ ಅಥವಾ ಪ್ಯಾಂಟು ಕಟ್ಟುವ ಜಾಗದಲ್ಲಿ ಅಳೆಯಬೇಡಿ. ಹೊಟ್ಟೆ ಮುಂದೆ ಬಂದಂತೆಲ್ಲ ನಾವು ಪಂಚೆಯನ್ನು ಕೆಳಗೆ ಕೆಳಗೆ ಕಟ್ಟುತ್ತ ಹೋಗುತ್ತೇವೆ, ಪ್ಯಾಂಟಿನ ಅಳತೆ ಮೂವತ್ನಾಲ್ಕೇ ಇದೆಯೆಂದು ಸಮಾಧಾನಪಡುತ್ತೇವೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ ಟೇಪು ಹಿಡಿಯಬೇಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜಿದೆ. 10 ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿದೆ, 13 ಕೋಟಿಗೂ ಹೆಚ್ಚು ಜನರು ಅದರ ಹೊಸ್ತಿಲಲ್ಲಿದ್ದಾರೆ.

ಇನ್ನೊಂದು ಗುರುತನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ಕೆಲವು ಮಕ್ಕಳ, ಹರೆಯದವರ ಕುತ್ತಿಗೆಯ ಹಿಂಭಾಗ, ಕಂಕುಳು ಕಪ್ಪಾಗಿ, ಮಖಮಲ್ಲಿನಂತೆ ದಪ್ಪವಾಗುತ್ತದೆ. ಕೊಳೆಯೆಂದು ಭಾವಿಸಿ ಕಲ್ಲಿನಿಂದ ಉಜ್ಜುವವರನ್ನು, ಸರಿಯಾಗಿ ಸ್ನಾನ ಮಾಡುವುದಿಲ್ಲವೆಂದು ಮಗುವನ್ನು ಗದರುವವರನ್ನು ನಾವು ಕಂಡಿದ್ದೇವೆ. ಅದು ಕೊಳೆಯಲ್ಲ. ರಕ್ತದಲ್ಲಿ ಏರಿದ ಇನ್ಸುಲಿನ್ ಚರ್ಮದ ಕೋಶಗಳನ್ನು ಪ್ರಚೋದಿಸಿದ್ದರಿಂದ ಬಂದ ಗುರುತು ಅದಾಗಿರುವುದೇ ಹೆಚ್ಚು. ಉಜ್ಜುವುದನ್ನು ಬಿಟ್ಟು ವೈದ್ಯರಿಗೆ ತೋರಿಸಬೇಕು.

ಕೊಬ್ಬಿನೊಳಗಿನ ಈ ಉರಿ ಬಹುಮಟ್ಟಿಗೆ ಆರಿಸಬಹುದಾದದ್ದು ಎಂಬುದು ಸಮಾಧಾನದ ವಿಷಯ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು, ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಸುಮಾರು ಎರಡೂವರೆ ವರ್ಷ ಅನುಸರಿಸಿ 2006ರಲ್ಲಿ ವರದಿ ಮಾಡಿದರು. ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರೆ, ಆಹಾರ ಮತ್ತು ನಡಿಗೆಯ ಕ್ರಮವನ್ನು ಪಾಲಿಸಿದವರಲ್ಲಿ ಆ ಸಂಖ್ಯೆ 39. ಗಮನಿಸಬೇಕಾದುದೆಂದರೆ, ಆ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ದುಡಿಯುವ ಸ್ನಾಯುವು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ತಾನಾಗಿಯೇ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ. ಕಿವುಡಾದ ಬಾಗಿಲಿಗೆ ಅದು ಹಿತ್ತಿಲ ದಾರಿ. ಆದ್ದರಿಂದ ಒಂದು ತಿಂಗಳು ನಡೆದೂ ತಕ್ಕಡಿಯ ಮುಳ್ಳು ಅಲುಗಲಿಲ್ಲವೆಂದು ನಡಿಗೆ ಬಿಟ್ಟವರು ಮತ್ತೆ ಆರಂಭಿಸಬಹುದು. ಈಗಾಗಲೇ ಮಧುಮೇಹ ಬಂದವರಿಗೂ ದಾರಿಯಿದೆ. ಬ್ರಿಟನ್ನಿನಲ್ಲಿ ಪ್ರೊ. ರಾಯ್ ಟೇಲರ್ ಮತ್ತು ಮೈಕ್ ಲೀನ್ ಅವರ ನೇತೃತ್ವದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಧುಮೇಹ ಬಂದು ಆರು ವರ್ಷ ಮೀರದ ರೋಗಿಗಳಿಗೆ ವೈದ್ಯರ ಉಸ್ತುವಾರಿಯಲ್ಲಿ ಕೆಲವು ತಿಂಗಳು ಅತ್ಯಲ್ಪ ಆಹಾರ ಕೊಟ್ಟು ತೂಕ ಇಳಿಸಲಾಯಿತು. ವರ್ಷದ ಕೊನೆಗೆ ಅವರಲ್ಲಿ ಶೇಕಡ 46 ಮಂದಿ ಔಷಧವಿಲ್ಲದೆ ಮಧುಮೇಹದ ಮಟ್ಟದಿಂದ ಕೆಳಗಿಳಿದಿದ್ದರು.

ಇಳಿದ ತೂಕ ಮತ್ತೆ ಏರುವುದೇಕೆ ಎಂಬುದಕ್ಕೂ ಈಗ ಸ್ವಲ್ಪ ಬೆಳಕು ಬಿದ್ದಿದೆ. ತೂಕ ಇಳಿದ ಬಳಿಕವೂ ಕೊಬ್ಬಿನ ಕೋಶಗಳು ಹಳೆಯ ಬೊಜ್ಜಿನ ಗುರುತುಗಳನ್ನು ತಮ್ಮ ವಂಶವಾಹಿಗಳ ಸುತ್ತ ಉಳಿಸಿಕೊಂಡಿರುತ್ತವೆ ಎಂದು 2024ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ತೋರಿಸಿದ್ದಾರೆ. ಮತ್ತೆ ದಪ್ಪಗಾದವರನ್ನು ನಾಲಿಗೆ ಚಪಲದವರು, ಸೋಮಾರಿಗಳು ಎಂದು ಮದುವೆ ಮನೆಗಳಲ್ಲಿ ಹಾಸ್ಯ ಮಾಡುವ ರೂಢಿ ನಮ್ಮಲ್ಲಿದೆ. ಅವರ ದೇಹ ಅವರ ವಿರುದ್ಧವೇ ಎಷ್ಟು ಗಟ್ಟಿಯಾಗಿ ನಿಂತಿರುತ್ತದೆ ಎಂಬುದು ಹಾಸ್ಯ ಮಾಡುವವರಿಗೆ ತಿಳಿದಿರುವುದಿಲ್ಲ.

ಕೊನೆಯದಾಗಿ ಉಪವಾಸದ ವಿಷಯ. ಕಡಿಮೆ ಉಂಡರೆ ಒಳಿತೆಂದು ಇಷ್ಟು ಹೊತ್ತು ಹೇಳಿದ್ದರಿಂದಲೇ ಇದನ್ನು ಹೇಳಬೇಕಾಗಿದೆ. ಶಿವರಾತ್ರಿ, ಶ್ರಾವಣ ಸೋಮವಾರಗಳಂದು ಉಪವಾಸವಿರುವ ಭಕ್ತರಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮೊದಲಾದ ಮಾತ್ರೆ ಸೇವಿಸುವವರು ಇದ್ದಾರೆ. ಎಂದಿನಂತೆ ಔಷಧ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಉಪವಾಸವೆಂದು ಔಷಧವನ್ನು ತಾವಾಗಿಯೇ ಪೂರ್ತಿ ಬಿಟ್ಟರೆ ಏರಬಹುದು. ಆ ದಿನದ ಔಷಧದ ಪ್ರಮಾಣವನ್ನು ನಾಲ್ಕಾರು ದಿನ ಮುಂಚೆಯೇ ವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಬೇಕು. ಕೈಕಾಲು ನಡುಗಿದರೆ, ಬೆವರಿದರೆ, ಮಾತು ತೊದಲಿದರೆ, ಪರೀಕ್ಷಿಸಿದಾಗ 70ಕ್ಕಿಂತ ಕೆಳಗೆ ಬಂದರೆ, ಪೂಜೆಯ ನಡುವೆಯೇ ಆಗಲಿ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ, 108ಕ್ಕೆ ಕರೆಮಾಡಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.